ಎಂಟನೇ ನಂಬರಿನ ಹುಡುಗಿ, ಬ್ರಿಸ್ಟಲ್ ಟೆಸ್ಟ್, ಒಂದು ಗಣಿತದ ನೋಟ್‌ಬುಕ್

ಆ ಹುಡುಗಿಯ ಊರು ಅಣ್ಣಿಗೇರಿ. ಹೆಸರು ಬೇಡ. ನಮ್ಮ ನೆಟ್ಸ್‌ನಲ್ಲಿ ಎಲ್ಲರೂ ಅವಳನ್ನು ಊರಿನ ಹೆಸರಲ್ಲೇ ಕೂಗುತ್ತಿದ್ದರು, ಇಲ್ಲಿ ನಾನೂ ಹಾಗೇ ಬರೆಯುತ್ತೇನೆ. 2021ರಲ್ಲಿ ಅವಳಿಗೆ 15 ವರ್ಷ. ಆಫ್ ಸ್ಪಿನ್ ಹಾಕುತ್ತಿದ್ದಳು, ಬ್ಯಾಟಿಂಗಿಗೆ ಎಂಟನೇ ನಂಬರ್. ಬೌಲಿಂಗ್ ಬಗ್ಗೆ ನನಗೆ ಚಿಂತೆ ಇರಲಿಲ್ಲ. ತಲೆನೋವು ಬ್ಯಾಟಿಂಗಿನದು. ಎರಡನೇ ಚೆಂಡಿಗೋ ಮೂರನೇ ಚೆಂಡಿಗೋ ಮುಂದೆ ನುಗ್ಗಿ ಬೀಸುತ್ತಿದ್ದಳು. ಮಿಡ್ ಆನ್‌ನಲ್ಲಿ ಕ್ಯಾಚ್. ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಗುತ್ತಾ ವಾಪಸ್.

"ಯಾಕವ್ವಾ, ಸ್ವಲ್ಪ ನಿಂತು ಆಡಾಕ ಏನ್ ಧಾಡಿ ನಿನಗ?" ಅಂತ ಒಮ್ಮೆ ಕೇಳಿದೆ.

"ನಿಂತ್ರ ಏನ್ ಸಿಗ್ತೈತ್ರಿ ಸರ್? ನಾ ಹೋಗೂದ್ರಾಗ ಎರಡ ಓವರ್ ಉಳದಿರ್ತಾವ" ಅಂದಳು.

ಉತ್ತರ ಕೊಬ್ಬಿನದು ಅನಿಸಿತ್ತು ಆಗ. ಮನೆಗೆ ಬಂದು ಯೋಚಿಸಿದರೆ ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ನಾನು ನಡೆಸುವುದು ಅಕಾಡೆಮಿ ಅನ್ನುವಷ್ಟು ದೊಡ್ಡದಲ್ಲ. ಹುಬ್ಬಳ್ಳಿಯಲ್ಲಿ ಹನ್ನೆರಡು ಹದಿನಾಲ್ಕು ಹುಡುಗಿಯರು, ವಾರದಲ್ಲಿ ಮೂರು ದಿನ ಬೆಳಿಗ್ಗೆ, ಎರಡು ನೆಟ್, ಒಂದು ಮ್ಯಾಟ್. ಅವರಿಗೆ ಸಿಗುವ ಪಂದ್ಯಗಳೆಲ್ಲ 20 ಓವರಿನವು, ಜಾಸ್ತಿ ಅಂದರೆ 30. ಆ ಲೆಕ್ಕದಲ್ಲಿ ಎಂಟನೇ ನಂಬರಿನವಳು ಕ್ರೀಸಿಗೆ ಬರುವ ಹೊತ್ತಿಗೆ "ಹೊಡಿ, ಹೊಡಿ" ಅನ್ನುವ ಕೂಗು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ನಿಲ್ಲು ಅಂತ ಅವಳಿಗೆ ಹೇಳಿದವರು ಯಾರು? ಯಾವ ಪಂದ್ಯದಲ್ಲಿ? ನಾನೂ ಹೇಳಿರಲಿಲ್ಲ. ಹೇಳಬೇಕಾದ ಪಂದ್ಯವೇ ಬಂದಿರಲಿಲ್ಲ.

ಅವಳು ಬರುತ್ತಿದ್ದದ್ದು ಗದಗ ಕಡೆಯ ರೈಲಿನಲ್ಲಿ. ಆ ದಾರಿಗೆ ಕ್ರಿಕೆಟ್ಟಿನಲ್ಲಿ ಒಂದು ಹೆಸರಿದೆ. ಮುಂದೆ ಭಾರತ ತಂಡಕ್ಕೆ ಆಡಿದ ಸ್ಪಿನ್ನರ್, ಗದಗದ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಿಗ್ಗೆ ಹುಬ್ಬಳ್ಳಿಗೆ ಬಂದು ಪ್ರಾಕ್ಟೀಸ್ ಮಾಡಿ, ಶಾಲೆ ಹೊತ್ತಿಗೆ ಗದಗಿಗೆ ವಾಪಸ್ ಹೋಗುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ ಅವರು ಹಾಕಿದ ಸ್ಪೆಲ್ ನಮ್ಮ ಕಡೆ ಹುಡುಗರಿಗೆಲ್ಲ ಬಾಯಿಪಾಠ: 10 ಓವರ್, 6 ಮೇಡನ್ (ಒಂದೂ ರನ್ ಕೊಡದ ಓವರ್), 6 ರನ್, 5 ವಿಕೆಟ್. ಅಣ್ಣಿಗೇರಿಗೂ ಅದು ಗೊತ್ತಿತ್ತು. ಬೌಲರ್ ಹಾಕಿದ ಡಾಟ್ ಬಾಲಿಗೆ, ಅಂದರೆ ರನ್ ಬಾರದ ಚೆಂಡಿಗೆ, ಬೆಲೆ ಇದೆ ಅಂತ ಅವಳಿಗೆ ಗೊತ್ತಿತ್ತು. ಬ್ಯಾಟರ್ ಆಡಿದ ಡಾಟ್ ಬಾಲಿಗೂ ಬೆಲೆ ಇರಬಹುದು ಅನ್ನುವುದು ಮಾತ್ರ ತಲೆಗೆ ಹೋಗಿರಲಿಲ್ಲ.

ಲಾಕ್‌ಡೌನಿನ ಹೋಂವರ್ಕ್

2021ರ ಜೂನ್. ಎರಡನೇ ಅಲೆ. ಮೈದಾನದ ಗೇಟಿಗೆ ಬೀಗ. ಹುಡುಗಿಯರು ಮನೆಯಲ್ಲಿ ಕೂತು ಕೂತು ಸಾಕಾಗಿದ್ದರು. ಅದೇ ಹೊತ್ತಿಗೆ ಭಾರತದ ಮಹಿಳಾ ತಂಡ ಇಂಗ್ಲೆಂಡ್ ಪ್ರವಾಸಕ್ಕೆ ಹೋಯಿತು. ಪುರುಷರ ತಂಡ ಮತ್ತು ಇವರು ಮುಂಬೈಯಿಂದ ಒಂದೇ ವಿಮಾನದಲ್ಲಿ ಹೋದರು. ಸೌತಾಂಪ್ಟನ್‌ನಲ್ಲಿ ಕ್ವಾರಂಟೈನ್ ಮುಗಿಸಿ ಮಹಿಳೆಯರು ಬ್ರಿಸ್ಟಲ್ ಕಡೆ ಹೊರಟರು. ಒಂದು ಟೆಸ್ಟ್, ಮೂರು ಏಕದಿನ, ಮೂರು ಟಿ20. ಎಲ್ಲ ಸೇರಿಸಿ ಪಾಯಿಂಟ್ ಲೆಕ್ಕ. ಟೆಸ್ಟ್ ಗೆದ್ದರೆ 4, ಡ್ರಾ ಆದರೆ ಇಬ್ಬರಿಗೂ ಎರಡೆರಡು.

ಆ ಟೆಸ್ಟ್ ಎಷ್ಟು ದಿನಕ್ಕೆ ಬಂದದ್ದು ಅಂತ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಭಾರತದ ಮಹಿಳೆಯರು ಅದಕ್ಕೂ ಮುಂಚೆ ಟೆಸ್ಟ್ ಆಡಿದ್ದು 2014ರ ನವೆಂಬರಿನಲ್ಲಿ, ನಮ್ಮ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ. ದಕ್ಷಿಣ ಆಫ್ರಿಕಾ ಪ್ರವಾಸ ಬಂದಿತ್ತು. ತಿರುಷ್ ಕಾಮಿನಿ 192, ಪೂನಂ ರಾವುತ್ 130, ಹರ್ಮನ್‌ಪ್ರೀತ್ ಕೌರ್ ಎರಡೂ ಇನಿಂಗ್ಸ್ ಸೇರಿ 9 ವಿಕೆಟ್. ಇನಿಂಗ್ಸ್ ಮತ್ತು 34 ರನ್ನಿನಿಂದ ಗೆದ್ದರು. ಹುಬ್ಬಳ್ಳಿಯಿಂದ ಒಂದು ರಾತ್ರಿಯ ರೈಲು, ಅಷ್ಟೇ ದೂರ. ನಾನು ಹೋಗಲಿಲ್ಲ. ಮುಂದಿನ ಸಲ ನೋಡಿದರಾಯಿತು ಅಂದುಕೊಂಡೆ. ಮುಂದಿನ ಸಲ ಬರಲು ಏಳು ವರ್ಷ ಹಿಡಿಯುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಹೀಗಾಗಿ ಬ್ರಿಸ್ಟಲ್‌ನಲ್ಲಿ ಇಳಿದ ತಂಡದಲ್ಲಿ ಐದು ಜನ ಟೆಸ್ಟಿಗೇ ಹೊಸಬರು. ಶೆಫಾಲಿ ವರ್ಮಾ, ದೀಪ್ತಿ ಶರ್ಮಾ, ಸ್ನೇಹ್ ರಾಣಾ, ಪೂಜಾ ವಸ್ತ್ರಾಕರ್, ತಾನಿಯಾ ಭಾಟಿಯಾ. ದೀಪ್ತಿಯಂಥವರು ಅಷ್ಟು ಹೊತ್ತಿಗೆ ಏಕದಿನ ಪಂದ್ಯಗಳಲ್ಲಿ ಹಳಬರಾಗಿದ್ದರು. ಆದರೂ ನಾಲ್ಕು ದಿನದ ಪಂದ್ಯ ಅವರಿಗೂ ಹೊಸದು. ನಮ್ಮ ಅಣ್ಣಿಗೇರಿಗೂ ಅವರಿಗೂ ಈ ಒಂದು ವಿಷಯದಲ್ಲಿ ವ್ಯತ್ಯಾಸ ಕಡಿಮೆ ಇತ್ತು.

ನಾನು ನಾಲ್ಕು ಹುಡುಗಿಯರನ್ನು ಆರಿಸಿ ವಾಟ್ಸಾಪಿನಲ್ಲಿ ಹೋಂವರ್ಕ್ ಕೊಟ್ಟೆ. ಈ ಟೆಸ್ಟನ್ನು ಪೂರ್ತಿ ಕೈಯಲ್ಲೇ ಸ್ಕೋರ್ ಮಾಡಬೇಕು. ಒಂದೊಂದು ಚೆಂಡೂ ಬರೆಯಬೇಕು. ಮೂವರು ಎರಡನೇ ದಿನಕ್ಕೆ ಕೈಬಿಟ್ಟರು. ಅವರನ್ನು ಬೈಯಲಾರೆ, ಮಧ್ಯಾಹ್ನ ಮೂರೂವರೆಗೆ ಶುರುವಾಗುವ ಆಟ ರಾತ್ರಿ ಹನ್ನೊಂದಕ್ಕೆ ಮುಗಿಯುತ್ತಿತ್ತು. ಅಣ್ಣಿಗೇರಿ ಬಿಡಲಿಲ್ಲ. ಚೌಕಳಿ ಗೆರೆಯ ಗಣಿತದ ನೋಟ್‌ಬುಕ್ ತಗೊಂಡು ಒಂದು ಚೌಕಕ್ಕೆ ಒಂದು ಚೆಂಡು ಅಂತ ಶುರು ಮಾಡಿದಳು. ತಡೆದ ಚೆಂಡಿಗೆ ಚುಕ್ಕೆ, ಬಿಟ್ಟ ಚೆಂಡಿಗೆ ಅಡ್ಡಗೆರೆ. ಇದು ನಾನು ಹೇಳಿಕೊಟ್ಟದ್ದಲ್ಲ, ಅವಳದೇ ಪದ್ಧತಿ. ಸ್ಕೋರರುಗಳ ಪುಸ್ತಕದಲ್ಲಿ ಎರಡಕ್ಕೂ ಚುಕ್ಕೆಯೇ.

ಹಳೇ ಪಿಚ್

ಪಂದ್ಯಕ್ಕೆ ಮುಂಚೆಯೇ ಒಂದು ಗಲಾಟೆ ಆಗಿತ್ತು. ಬ್ರಿಸ್ಟಲ್‌ನಲ್ಲಿ ಟೆಸ್ಟಿಗೆ ಕೊಟ್ಟ ಪಿಚ್ ಹೊಸದಲ್ಲ, ಕೆಲವೇ ದಿನ ಮುಂಚೆ ಅದರ ಮೇಲೆ ಪುರುಷರ ಕೌಂಟಿ ಟಿ20 ನಡೆದಿತ್ತು. 37 ಓವರ್ ಉಜ್ಜಿದ ಪಿಚ್. ಇಂಗ್ಲೆಂಡ್ ಬೋರ್ಡ್ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿತು. ಪಿಚ್ ಮಾತ್ರ ಅದೇ ಉಳಿಯಿತು.

ಈ ಸುದ್ದಿ ಓದಿ ನನಗೆ ಆಶ್ಚರ್ಯ ಆಗಲಿಲ್ಲ. ಹುಡುಗಿಯರ ಪಂದ್ಯ ಅಂದರೆ ಪಿಚ್ ಹೇಗೆ ಸಿಗುತ್ತದೆ ಅಂತ ನಮ್ಮ ಕಡೆ ಮೈದಾನ ಬಾಡಿಗೆಗೆ ಹಿಡಿದವರಿಗೆಲ್ಲ ಗೊತ್ತು. ಎರೆಮಣ್ಣಿನ ಪಿಚ್ಚಿಗೆ ಒಂದು ದಿನ ನೀರು ಹಾಕಿ, ರೋಲರ್ ಎಳೆದು, ಒಣಗಲು ಬಿಡಬೇಕು. ಆ ಒಂದು ದಿನವನ್ನು ನಮಗೋಸ್ಕರ ಯಾರೂ ಬಿಟ್ಟುಕೊಡುವುದಿಲ್ಲ. ಇಂಗ್ಲೆಂಡಿನಲ್ಲೂ ಹೀಗೇನಾ ಅಂತ ಒಂದು ಕ್ಷಣ ಸಮಾಧಾನ ಆಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಆ ಸಮಾಧಾನದ ಮೇಲೇ ಸಿಟ್ಟು ಬಂತು.

ಆಟದ ಲೆಕ್ಕದಲ್ಲಿ ನೋಡಿದರೆ, ಸವೆದ ಪಿಚ್ಚಿನಲ್ಲಿ ಚೆಂಡು ನಿಧಾನ ಬರುತ್ತದೆ, ಸ್ಪಿನ್ನರಿಗೆ ಅನುಕೂಲ. ಇಂಗ್ಲೆಂಡಿನ ಎಡಗೈ ಸ್ಪಿನ್ನರ್ ಸೋಫಿ ಎಕಲ್‌ಸ್ಟನ್ ಎರಡೂ ಇನಿಂಗ್ಸಿನಲ್ಲಿ ನಾಲ್ಕು ನಾಲ್ಕು ವಿಕೆಟ್ ತೆಗೆದಳು. ನಮ್ಮ ಕಡೆ ಸ್ನೇಹ್ ರಾಣಾಗೂ ನಾಲ್ಕು ಸಿಕ್ಕವು. ಆದರೆ ನಿಧಾನ ಬರುವ ಚೆಂಡನ್ನು ಕಾದು ಆಡಲೂಬಹುದು. ಅದು ಕೊನೆಯ ದಿನ ನಮ್ಮವರಿಗೆ ಒದಗಿತು ಅನ್ನುವುದು ನನ್ನ ಅಂದಾಜು.

ಹದಿನಾರು ರನ್

ಮೊದಲ ಮೂರು ದಿನವನ್ನು ಬೇಗ ಹೇಳಿ ಮುಗಿಸುತ್ತೇನೆ. ಇಂಗ್ಲೆಂಡ್ ಟಾಸ್ ಗೆದ್ದು ಬ್ಯಾಟಿಂಗ್ ಮಾಡಿ 9 ವಿಕೆಟಿಗೆ 396 ಹೊಡೆದು ಡಿಕ್ಲೇರ್ ಮಾಡಿತು, ಅಂದರೆ ತಾನಾಗಿಯೇ ಇನಿಂಗ್ಸ್ ಮುಗಿಸಿತು. ನಾಯಕಿ ಹೀದರ್ ನೈಟ್ 95. ನಮ್ಮ ಕಡೆ ಶೆಫಾಲಿ ಮತ್ತು ಸ್ಮೃತಿ ಮಂದಾನ ಮೊದಲ ವಿಕೆಟಿಗೇ 167 ಸೇರಿಸಿದರು. ಶೆಫಾಲಿಗೆ ಆಗ 17 ವರ್ಷ. ಮೊದಲ ಟೆಸ್ಟಿನಲ್ಲೇ ಶತಕ ಅನ್ನುವಾಗ 96ಕ್ಕೆ ಔಟ್. ಸ್ಮೃತಿ 78. ಅಲ್ಲಿಂದ ದಬದಬ ಅಂತ ಬಿದ್ದವು. ಎರಡನೇ ದಿನದ ಕೊನೆಗೆ 187ಕ್ಕೆ 5. ಮರುದಿನ 231ಕ್ಕೆ ಆಲ್ ಔಟ್.

167ಕ್ಕೆ ಒಂದೂ ಹೋಗಿರಲಿಲ್ಲ. ಅಲ್ಲಿಂದ 64 ರನ್ನಿಗೆ ಹತ್ತೂ ವಿಕೆಟ್.

ನಾಲ್ಕು ದಿನದ ಪಂದ್ಯದಲ್ಲಿ 150 ರನ್ ಹಿಂದೆ ಬಿದ್ದರೆ ಎದುರಾಳಿ ಫಾಲೋ ಆನ್ ಹೇರಬಹುದು, ಅಂದರೆ ಹಿಂದೆ ಬಿದ್ದವರನ್ನೇ ಕೂಡಲೇ ಮತ್ತೆ ಬ್ಯಾಟಿಂಗಿಗೆ ಇಳಿಸಬಹುದು. ನಾವು 165 ಹಿಂದೆ, ಇಂಗ್ಲೆಂಡ್ ಹೇರಿತು. 247 ಮಾಡಿದ್ದರೆ ತಪ್ಪುತ್ತಿತ್ತು, ಅಂದರೆ 16 ರನ್ ಸಾಲಲಿಲ್ಲ. ದೀಪ್ತಿ ಒಂದು ಕಡೆ 29 ಮಾಡಿ ಔಟಾಗದೆ ನಿಂತಿದ್ದಳು. ಇನ್ನೊಂದು ಕಡೆ ಯಾರೂ ಉಳಿಯಲಿಲ್ಲ. ಸ್ನೇಹ್ ರಾಣಾ 2, ತಾನಿಯಾ ಭಾಟಿಯಾ 0. ಈ ಎರಡು ಹೆಸರನ್ನು ನೆನಪಿಟ್ಟುಕೊಳ್ಳಿ.

ಆ ರಾತ್ರಿ ಅಣ್ಣಿಗೇರಿಯ ಮೆಸೇಜ್ ಬಂತು. "ಸರ್, ಎಂಟನೇ ನಂಬರಿನ್ಯಾಕಿ ಒಂದ್ ತಾಸ್ ನಿಂತಿದ್ರ 16 ಬರ್ತಿತ್ತಲ್ರಿ?" ಎಂಟನೇ ನಂಬರಿನವಳು ನಿಲ್ಲಬೇಕು ಅನ್ನುವ ಮಾತು ಆ ಹುಡುಗಿಯ ಕಡೆಯಿಂದ ಬಂದದ್ದು ಅದೇ ಮೊದಲು. ನಾನು ಜಾಸ್ತಿ ಏನೂ ಬರೆಯಲಿಲ್ಲ. ಹೌದು ಅಂತ ಒಂದು ಪದ ಕಳಿಸಿ ಸುಮ್ಮನಾದೆ.

ಶನಿವಾರ ರಾತ್ರಿ

ಜೂನ್ 19, ಶನಿವಾರ, ಕೊನೆಯ ದಿನ. ಅದೇ ದಿನ ಸೌತಾಂಪ್ಟನ್‌ನಲ್ಲಿ ಭಾರತ ಮತ್ತು ನ್ಯೂಜಿಲೆಂಡ್ ಪುರುಷರ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್. ಶುಕ್ರವಾರ ಪೂರ್ತಿ ಮಳೆಗೆ ಹೋಗಿ ಶನಿವಾರ ಆಟ ಶುರುವಾಗಿತ್ತು. ಅಣ್ಣಿಗೇರಿಯ ಮನೆಯಲ್ಲಿ ಟಿವಿ ಒಂದೇ. ಅಪ್ಪ, ಅಣ್ಣ ಇಬ್ಬರೂ ಅದರ ಮುಂದೆ. ಇವಳು ಅಡುಗೆಮನೆ ಹೊಸ್ತಿಲ ಮೇಲೆ ಅವ್ವನ ಫೋನ್ ಹಿಡಿದುಕೊಂಡು ಬ್ರಿಸ್ಟಲ್ ನೋಡುತ್ತಿದ್ದಳು.

ಊಟದ ಬಿಡುವಿನ ತನಕ ಪರವಾಗಿರಲಿಲ್ಲ. ಶೆಫಾಲಿ 63, ದೀಪ್ತಿ 54. ಬಿಡುವಿನ ನಂತರ ಮತ್ತೆ ಅದೇ ಕಥೆ. ಮಿಥಾಲಿ ರಾಜ್ 4. ಹರ್ಮನ್‌ಪ್ರೀತ್ 8. ಪೂನಂ 39ಕ್ಕೆ ಹೋದಳು, ಪೂಜಾ 12ಕ್ಕೆ. 199ಕ್ಕೆ 7. ಮುಂದೆ 34 ರನ್, ಕೈಯಲ್ಲಿ ಮೂರು ವಿಕೆಟ್, ಒಂದು ಸೆಷನ್ನಿಗಿಂತ ಜಾಸ್ತಿ ಆಟ ಬಾಕಿ. ಯಾರನ್ನೇ ಕೇಳಿದರೂ ಮುಗಿಯಿತು ಅನ್ನುತ್ತಿದ್ದರು. ನಾನೂ ಟಿವಿ ಆರಿಸಿ ಊಟಕ್ಕೆ ಕೂತಿದ್ದೆ. ಇದನ್ನು ಒಪ್ಪಿಕೊಳ್ಳಲೇಬೇಕು, ಯಾಕೆಂದರೆ ನನ್ನ ವಿದ್ಯಾರ್ಥಿನಿ ಆರಿಸಿರಲಿಲ್ಲ.

ಅವಳ ಕಡೆ ಬೇರೆ ತೊಂದರೆ ಬಂತು. ದಿನಕ್ಕೆ ಒಂದೂವರೆ ಜಿಬಿ ಡೇಟಾ, ಅದು ಖಾಲಿ. ವಿಡಿಯೋದಲ್ಲಿ ಚಕ್ರ ತಿರುಗುತ್ತಾ ನಿಂತಿತು. ಆಗ ಅವಳು ಚೆಂಡು ಚೆಂಡಿಗೂ ಬರೆದು ಹಾಕುವ ಕಾಮೆಂಟರಿ ಪುಟ ತೆರೆದಳು. ಅದೂ ಆಮೆ ಹಾಗೆ ಬರುತ್ತಿತ್ತು, ಒಮ್ಮೊಮ್ಮೆ ಒಂದು ಓವರ್ ಒಟ್ಟಿಗೇ. ಬಂದದ್ದನ್ನು ಬಂದ ಹಾಗೆ ಚೌಕದಲ್ಲಿ ತುಂಬಿದಳು. ಕೊನೆಯ ಸೆಷನ್ನಿನ ಬಹುಪಾಲು ಅವಳು ಕಣ್ಣಲ್ಲಿ ನೋಡಿಲ್ಲ, ಓದಿದ್ದಾಳೆ. ಅದರಿಂದ ಒಳ್ಳೆಯದೇ ಆಯಿತು ಅಂತ ನನಗೆ ಅನಿಸುತ್ತದೆ. ವಿಡಿಯೋ ನೋಡಿದ್ದರೆ ಫೋರುಗಳು ಮಾತ್ರ ನೆನಪಿರುತ್ತಿದ್ದವು.

ಸ್ನೇಹ್ ರಾಣಾ ಎಂಟನೇ ನಂಬರಿಗೆ ಬಂದವಳು. ಡೆಹ್ರಾಡೂನಿನವಳು, ಆಫ್ ಸ್ಪಿನ್ನರ್, ರೈಲ್ವೇಸ್ ತಂಡಕ್ಕೆ ಆಡುವವಳು. ಮೊಣಕಾಲು ಪೆಟ್ಟಾಗಿ ತಂಡದಿಂದ ಹೊರಗೆ ಹೋದವಳು ಐದು ವರ್ಷದ ಮೇಲೆ ವಾಪಸ್ ಬಂದಿದ್ದಳು. ಎರಡು ತಿಂಗಳ ಹಿಂದಷ್ಟೇ ಅಪ್ಪ ತೀರಿಕೊಂಡಿದ್ದರು. ಅವಳ ಜೊತೆ ಮೊದಲು ನಿಂತವಳು ಶಿಖಾ ಪಾಂಡೆ. ಶಿಖಾ 18 ರನ್ನಿಗೆ ಔಟಾದಾಗ ಸ್ಕೋರ್ 240ಕ್ಕೆ 8. ಇಬ್ಬರ ಜೊತೆಯಾಟ 41. ಸ್ಕೋರ್‌ಕಾರ್ಡಿನಲ್ಲಿ 18 ಅಂದರೆ ಏನೂ ಅಲ್ಲ. ಆ ಹೊತ್ತಿನಲ್ಲಿ ಅದು ಚಿನ್ನ.

ಆಮೇಲೆ ಹತ್ತನೇ ನಂಬರಿಗೆ ತಾನಿಯಾ. ವಿಕೆಟ್ ಕೀಪರ್. ಇನ್ನು ಉಳಿದಿದ್ದವಳು ಜೂಲನ್ ಗೋಸ್ವಾಮಿ ಒಬ್ಬಳೇ.

ಜೂಲನ್ ಬ್ಯಾಟ್ ಹಿಡಿದು ಒಳಗೆ ಬರಲೇ ಇಲ್ಲ. ಸ್ನೇಹ್ ಮತ್ತು ತಾನಿಯಾ ಒಂಬತ್ತನೇ ವಿಕೆಟಿಗೆ ಮುರಿಯದ 104 ರನ್ ಸೇರಿಸಿದರು, 185 ಚೆಂಡುಗಳಲ್ಲಿ. ಬ್ಯಾಟಿನ ಸುತ್ತ ಫೀಲ್ಡರುಗಳ ಗುಂಪು, ಎಕಲ್‌ಸ್ಟನ್ ಓವರ್ ಮೇಲೆ ಓವರ್. ಸ್ನೇಹ್ 154 ಚೆಂಡಿಗೆ 80, ತಾನಿಯಾ 88 ಚೆಂಡಿಗೆ 44, ಇಬ್ಬರೂ ಔಟಿಲ್ಲ. 344ಕ್ಕೆ 8 ಅನ್ನುವಾಗ ನಾಯಕಿಯರು ಕೈಕುಲುಕಿದರು. ಡ್ರಾ. ಪಂದ್ಯಶ್ರೇಷ್ಠ ಪ್ರಶಸ್ತಿ ಶೆಫಾಲಿಗೆ ಹೋಯಿತು. ಎರಡೂ ಇನಿಂಗ್ಸಿನಲ್ಲಿ ಅರ್ಧಶತಕ ಮಾಡಿದ್ದಳು, ತಕರಾರಿಲ್ಲ.

ಸೌತಾಂಪ್ಟನ್‌ನಲ್ಲಿ ಬೆಳಕು ಸಾಲದೆ ಆಟ ಬೇಗ ನಿಂತಿತ್ತು. ಮನೆಯಲ್ಲಿ ಬೇಸರ ಬಂದ ಅಣ್ಣ ಎದ್ದು ಬಂದು ತಂಗಿಯ ನೋಟ್‌ಬುಕ್ಕಿನಲ್ಲಿ ಇಣುಕಿದನಂತೆ. "ಏನಲೇ ಇದು, ಬರೇ ಚುಕ್ಕಿ ಇಟ್ಟೀಯಲ್ಲ, ರಂಗೋಲಿ ಹಾಕಾಕತ್ತಿಯೇನು?" ಅಂದನಂತೆ.

ನೋಟ್‌ಬುಕ್ಕಿನ ಲೆಕ್ಕ

ಹತ್ತು ದಿನದ ಮೇಲೆ ನೋಟ್‌ಬುಕ್ ನನ್ನ ಕೈಗೆ ಬಂತು. ಕೊನೆಯ ಪುಟಗಳಲ್ಲಿ ಬೆರಳಿನ ಬೆವರಿಗೆ ಶಾಯಿ ಹರಡಿತ್ತು. ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ಕಳೆಯುವ ಲೆಕ್ಕ.

ಸ್ನೇಹ್ 80 ರನ್ನಿನಲ್ಲಿ 13 ಫೋರ್. ಅಂದರೆ 13 ಚೆಂಡಿನಲ್ಲಿ 52. ಉಳಿದ 141 ಚೆಂಡಿನಲ್ಲಿ 28 ರನ್.

"ಸರ್, 141 ಬಾಲಿಗೆ 28! ನಾ ಇಷ್ಟ್ ನಿಧಾನ ಆಡಿದ್ರ ನೀವ ಬೈತೀರಿ" ಅಂತ ಫೋನಿನಲ್ಲಿ ನಕ್ಕಳು. ಬೈಯುವ ಪಂದ್ಯ ಬೇರೆ, ಬೈಯದ ಪಂದ್ಯ ಬೇರೆ ಅಂದೆ. ಅದನ್ನು ಬಿಡಿಸಿ ಹೇಳಲು ಅರ್ಧ ಗಂಟೆ ಬೇಕಾಯಿತು.

ಡ್ರಾ ಮಾಡಿಕೊಳ್ಳುವುದು ಅಂದರೆ ಬರೀ ತಡೆಯುವುದು ಅಂತ ಬಹಳ ಜನ ತಿಳಿದಿದ್ದಾರೆ. ಈ ಪಂದ್ಯದ ಅಂಕಿ ನೋಡಿದರೆ ಹಾಗಿಲ್ಲ. 240ಕ್ಕೆ 8 ಆದಾಗ ನಾವು ಬರೀ 75 ರನ್ ಮುಂದಿದ್ದೆವು. ಅಲ್ಲೇ ಮುಗಿದಿದ್ದರೆ ಇಂಗ್ಲೆಂಡಿಗೆ 76 ರನ್ ಗುರಿ, ಇಪ್ಪತ್ತು ಓವರ್ ಸಿಕ್ಕರೂ ಹೊಡೆದು ಹೋಗುತ್ತಿದ್ದರು. ಹಾಗಾಗಿ ಚೆಂಡು ಖರ್ಚಾಗಬೇಕು, ರನ್ನೂ ಬರಬೇಕು. ಒಂದೊಂದು ರನ್ನಿಗೂ ಎದುರಾಳಿಯ ಗುರಿ ಏರುತ್ತದೆ, ಸಮಯ ಇಳಿಯುತ್ತದೆ. ಕೊನೆಗೆ ಲೀಡ್ 179. ಅಷ್ಟು ಹೊತ್ತಿಗೆ ಇಂಗ್ಲೆಂಡಿಗೆ ಗೆಲ್ಲುವ ದಾರಿಯೇ ಉಳಿದಿರಲಿಲ್ಲ. ಕೆಟ್ಟ ಚೆಂಡು ಬಂದರೆ ಹೊಡೆಯಬೇಕು, ಕಾಯಬೇಕಾದ್ದು ಅದಕ್ಕೇ. ಆ 13 ಫೋರುಗಳು ಸಿಕ್ಕಿದ್ದು 141 ಚೆಂಡು ಕಾದದ್ದಕ್ಕೆ.

ಮಳೆಗಾಲ ಮುಗಿದು ನೆಟ್ಸ್ ಶುರುವಾದ ಮೇಲೆ ಒಂದು ಬದಲಾವಣೆ ಮಾಡಿದೆ. ಕೆಳಗಿನ ನಾಲ್ಕು ನಂಬರಿನವರಿಗೆ ವಾರದಲ್ಲಿ ಒಂದು ದಿನ ರನ್ನೇ ಎಣಿಸುವುದಿಲ್ಲ, ಚೆಂಡು ಮಾತ್ರ. 30 ಚೆಂಡು ಔಟಾಗದೆ ಆಡಿದವರಿಗೆ ಗಿರ್ಮಿಟ್, ಜೊತೆಗೆ ಒಂದು ಮಿರ್ಚಿ. ಮೊದಲ ಎರಡು ವಾರ ನನ್ನ ಜೇಬಿಗೆ ಏನೂ ಖರ್ಚಾಗಲಿಲ್ಲ. ಮೂರನೇ ವಾರ ಒಬ್ಬಳು ಗೆದ್ದಳು, ಅದು ಅಣ್ಣಿಗೇರಿ ಅಲ್ಲ. ಅವಳು 27ಕ್ಕೆ ತಾಳ್ಮೆ ಕಳಕೊಂಡು ಮುಂದೆ ನುಗ್ಗಿದ್ದಳು. ಹಳೇ ಚಾಳಿ, ಒಂದೇ ಟೆಸ್ಟಿಗೆ ಹೋಗುತ್ತದೆಯೇ?

ಆ ತಂಡದ ಕಥೆ ಮುಂದೆ ಒಳ್ಳೆಯದಾಗಿಯೇ ಹೋಯಿತು. ಅದೇ ವರ್ಷ ಆಸ್ಟ್ರೇಲಿಯಾ ಪ್ರವಾಸದಲ್ಲಿ ಪಿಂಕ್ ಬಾಲ್ ಟೆಸ್ಟ್, ಸ್ಮೃತಿ 127, ಅದೂ ಡ್ರಾ. 2023ರ ಡಿಸೆಂಬರಿನಲ್ಲಿ ಇಂಗ್ಲೆಂಡ್ ಇಲ್ಲಿಗೆ ಬಂದು 347 ರನ್ನಿನಿಂದ ಸೋತಿತು. ಆ ಪಂದ್ಯದಲ್ಲಿ ಮೈಸೂರಿನ ಶುಭಾ ಸತೀಶ್ ಮೊದಲ ಟೆಸ್ಟ್ ಆಡಿ 69 ಹೊಡೆದಳು. ಅದೇ ತಿಂಗಳು ವಾಂಖೆಡೆಯಲ್ಲಿ ಆಸ್ಟ್ರೇಲಿಯಾ ಮೇಲೆ ಭಾರತದ ಮಹಿಳೆಯರಿಗೆ ಮೊದಲ ಟೆಸ್ಟ್ ಗೆಲುವು, ಪಂದ್ಯಶ್ರೇಷ್ಠೆ ಸ್ನೇಹ್ ರಾಣಾ. 2024ರ ಜೂನ್ ಕೊನೆಗೆ ಚೆನ್ನೈಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ ಅವಳು ಒಂದೇ ಇನಿಂಗ್ಸಿನಲ್ಲಿ 77ಕ್ಕೆ 8. 2024ರಲ್ಲೇ ಪುಣೆಯಲ್ಲಿ ವಲಯಗಳ ನಡುವೆ ಮೂರು ದಿನದ ಮಹಿಳಾ ಪಂದ್ಯಗಳನ್ನು ಭಾರತದ ಕ್ರಿಕೆಟ್ ಮಂಡಳಿ ಮತ್ತೆ ಶುರು ಮಾಡಿತು. ಅದಕ್ಕೂ ಮುಂಚೆ ಕೆಲವು ವರ್ಷ ಅವು ನಿಂತೇ ಹೋಗಿದ್ದವು. ಟೆಸ್ಟ್ ಆಡಿ ಅಂತ ದೂರದ ದೇಶಕ್ಕೆ ಕಳಿಸುವುದು, ಇಲ್ಲಿ ದಿನಗಟ್ಟಲೆ ಆಡುವ ಒಂದೇ ಒಂದು ಪಂದ್ಯ ಇಡದಿರುವುದು. ಈಜು ಬರುತ್ತಾ ಅಂತ ಕೆರೆಗೆ ತಳ್ಳಿ ನೋಡಿದ ಹಾಗೆ. ಬ್ರಿಸ್ಟಲ್‌ನಲ್ಲಿ ಅವರು ಈಜಿದರು, ಅದು ಅವರ ದೊಡ್ಡತನ.

ನಮ್ಮ ಎರಡು ದಿನ

ನಮ್ಮ ಹುಡುಗಿಯರಿಗೆ ಕೆರೆ ನಾವೇ ತೋಡಬೇಕಾಯಿತು. ಪಕ್ಕದ ಜಿಲ್ಲೆಯಲ್ಲಿ ನನ್ನ ಹಾಗೇ ಹುಡುಗಿಯರಿಗೆ ಕಲಿಸುವ ಗೆಳೆಯನೊಬ್ಬನಿದ್ದಾನೆ. ಇಬ್ಬರೂ ಸೇರಿ 2022ರ ಫೆಬ್ರುವರಿ ಕೊನೆಯಲ್ಲಿ ಶನಿವಾರ ಭಾನುವಾರ ಹಿಡಿದು ಎರಡು ದಿನದ ಪಂದ್ಯ ಇಟ್ಟೆವು. ಎರಡೂ ಕಡೆ ಯಾವ ಹುಡುಗಿಯೂ ಅದುವರೆಗೆ ಎರಡು ದಿನದ ಪಂದ್ಯ ಆಡಿರಲಿಲ್ಲ. ಅವರ ತಂಡ ರಾತ್ರಿ ಉಳಿಯಲು ಜಾಗ, ಊಟ, ಇಬ್ಬರು ಅಂಪೈರುಗಳಿಗೆ ದುಡ್ಡು, ಎಲ್ಲ ಪಾಲಕರ ಹತ್ತಿರ ಎತ್ತಿದ್ದು.

ಶನಿವಾರ ಬೆಳಿಗ್ಗೆ ಹೋಗಿ ನೋಡಿದರೆ, ಆ ವಾರವಿಡೀ ಹುಡುಗರ ಟೂರ್ನಿ ನಡೆದ ಪಿಚ್ಚನ್ನೇ ನಮಗೆ ಗುಡಿಸಿ ಇಟ್ಟಿದ್ದರು. ಬೌಲರ್ ಕಾಲಿಡುವ ಜಾಗದಲ್ಲಿ ಬಟ್ಟಲಿನ ಹಾಗೆ ತಗ್ಗು.

"ಪಕ್ಕದ್ದು ಕೊಡ್ತೀನಿ ಅಂದಿದ್ರಲ್ರಿ?" ಅಂದೆ.

"ಹುಡ್ಗ್ಯಾರ ಮ್ಯಾಚ್ ಅಲ್ರೀ ಸರ್, ನಡೀತೈತಿ ಬಿಡ್ರಿ" ಅಂದರು.

ನನ್ನ ಹಿಂದೆ ಅಣ್ಣಿಗೇರಿ ನಿಂತಿದ್ದಳು. "ಬ್ರಿಸ್ಟಲ್ ಐತ್ರಿ ಸರ್" ಅಂದಳು, ಮೆಲ್ಲಗೆ.

ಅವರು ಮೊದಲು ಆಡಿ 8 ವಿಕೆಟಿಗೆ 212 ಮಾಡಿ ಡಿಕ್ಲೇರ್ ಮಾಡಿದರು. ಅಣ್ಣಿಗೇರಿಗೆ ಮೂರು ವಿಕೆಟ್. ನಾವು ಭಾನುವಾರ ಬೆಳಿಗ್ಗೆ 103ಕ್ಕೆ ಮುಗಿದೆವು. ಎರಡು ದಿನದ ಪಂದ್ಯದಲ್ಲಿ 100 ರನ್ ಹಿಂದೆ ಬಿದ್ದರೂ ಫಾಲೋ ಆನ್ ಹೇರಬಹುದು, ನಾವು 109 ಹಿಂದೆ. ಗೆಳೆಯ ಕನಿಕರ ತೋರಿಸಲಿಲ್ಲ. ತೋರಿಸಬಾರದು ಕೂಡ. ಎರಡನೇ ಸಲ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. 71ಕ್ಕೆ 6 ಅನ್ನುವಾಗ ಇನ್ನೂ 22 ಓವರ್ ಬಾಕಿ. ಒಳಗೆ ಹೋದವಳು ಇವಳು.

ಮೊದಲ ಚೆಂಡಿಗೆ ಮುಂದೆ ಬಂದು ತಡೆದಳು. ಎರಡನೆಯದನ್ನು ಬಿಟ್ಟಳು. ಮೂರನೆಯದು ನೇರ ಅವಳ ಹಳೇ ಜಾಗಕ್ಕೆ ಬಿತ್ತು, ಬೀಸು ಅಂತ ಕರೆಯುವ ಚೆಂಡು. ಬ್ಯಾಟ್ ಹಿಂದಕ್ಕೆ ಹೋದದ್ದನ್ನು ನಾನು ನೋಡಿದೆ. ಹೋದ ಬ್ಯಾಟು ಅರ್ಧದಲ್ಲಿ ನಿಂತು, ನೆಟ್ಟಗಾಗಿ, ಚೆಂಡಿನ ಮೇಲೆ ಇಳಿಯಿತು. ಸಿಲ್ಲಿ ಪಾಯಿಂಟಿನಲ್ಲಿದ್ದ ಹುಡುಗಿ ಚೆಂಡೆತ್ತಿ ಬೌಲರಿಗೆ ಎಸೆದಳು. ಅಷ್ಟೇ. ಹೊರಗೆ ಕೂತ ಪಾಲಕರೊಬ್ಬರು "ಯಾಕ ಹೊಡೀವಲ್ಲಳು?" ಅಂತ ನನ್ನನ್ನು ಕೇಳಿದರು. ನಾನು ಕೇಳಿಸದವರ ಹಾಗೆ ಇದ್ದುಬಿಟ್ಟೆ.

ಪ್ರತಿ ಓವರ್ ಮುಗಿದ ಮೇಲೆ ಅವಳ ತುಟಿ ಆಡುತ್ತಿತ್ತು. ದೇವರನ್ನು ನೆನೆಯುತ್ತಿದ್ದಾಳೆ ಅಂದುಕೊಂಡೆ. ಜೊತೆಗಿದ್ದವರು ಹೋದರು, ಒಂಬತ್ತನೆಯವಳು, ಹತ್ತನೆಯವಳು. ಹನ್ನೊಂದನೆಯವಳು ಸುಮಾರು ಹೊತ್ತು ಗೋಡೆಯ ಹಾಗೆ ನಿಂತಳು. ಕೊನೆಗೆ ಎರಡು ಓವರ್ ಪೂರ್ತಿ ಉಳಿದಿಲ್ಲ, ಬರೀ 11 ಚೆಂಡು ಬಾಕಿ ಅನ್ನುವಾಗ ಆ ತಗ್ಗಿಗೆ ಬಿದ್ದ ಚೆಂಡೊಂದು ನೆಲಕ್ಕೇ ಅಂಟಿಕೊಂಡು ಬಂದು ಹನ್ನೊಂದನೆಯವಳ ಸ್ಟಂಪಿಗೆ ಬಡಿಯಿತು. 98 ಆಲ್ ಔಟ್. ಇನಿಂಗ್ಸ್ ಮತ್ತು 11 ರನ್ನಿನ ಸೋಲು. ಅಣ್ಣಿಗೇರಿ 13, ಔಟಿಲ್ಲ.

ಅವಳು ಹೆಲ್ಮೆಟ್ ತೆಗೆಯದೆ ನೇರ ಸ್ಕೋರರ್ ಟೇಬಲ್ಲಿಗೆ ಹೋದಳು. ಪಿಯುಸಿ ಓದುವ ಹುಡುಗ ಸ್ಕೋರ್ ಬರೆಯುತ್ತಿದ್ದ.

"ಅಣ್ಣಾ, ನಂದು ಎಷ್ಟ ಬಾಲ್?"

"ಎಪ್ಪತ್ಮೂರು."

"ಎಪ್ಪತ್ನಾಕ ಆಗ್ತಾವ."

ಹುಡುಗ ಮತ್ತೆ ಎಣಿಸಿದ. 73. ಅವಳು ಗ್ಲೌಸ್ ಕಳಚಿ ಬೆರಳಿಟ್ಟು ತೋರಿಸಿದಳು. ಮಧ್ಯೆ ಒಂದು ನೋ ಬಾಲ್ ಇತ್ತು, ಅವನು ಅದಕ್ಕೆ ಸುತ್ತು ಹಾಕಿ ಲೆಕ್ಕದಿಂದ ಬಿಟ್ಟಿದ್ದ. "ವೈಡ್ ಆದ್ರ ಬಿಡಬೇಕು. ನೋ ಬಾಲ್ ಬ್ಯಾಟ್ಸ್‌ಮನ್ ಲೆಕ್ಕಕ್ಕ ಬರ್ತೈತಿ" ಅಂದಳು. ಹುಡುಗ ನನ್ನ ಮುಖ ನೋಡಿದ. ನಾನು ಅಂಪೈರ್ ಮುಖ ನೋಡಿದೆ. ಅಂಪೈರ್ ಕೋಟು ಮಡಚುತ್ತಾ, ಹೌದು, ಹುಡುಗಿ ಹೇಳೋದು ಸರಿ, ಅಂದರು.

ಹುಡುಗ 3ನ್ನು ಗೀಚಿ ಪಕ್ಕದಲ್ಲಿ 4 ಬರೆದ. ಅವಳು ಬಗ್ಗಿ ಅದನ್ನು ನೋಡಿದಳು, ಕಿಟ್ ಬ್ಯಾಗ್ ಎತ್ತಿಕೊಂಡಳು, ಗದಗ ಗಾಡಿಗೆ ಹೊತ್ತಾಯಿತು ಅಂತ ಗೇಟಿನ ಕಡೆ ಓಡಿದಳು. ಪ್ಯಾಡ್ ಇನ್ನೂ ಕಾಲಲ್ಲೇ ಇದ್ದವು.